ಆಷಾಢದ ಐದು ಬ್ಯಾಂಡು

ಆಷಾಢದಲ್ಲಿ ಮದುವೆಯಿಲ್ಲ,
ಅದಕ್ಕೇ ಛತ್ರ ಅರ್ಧ ಬಾಡಿಗೆಗೆ ಸಿಕ್ಕಿತು
ಕೋಲಾರದ ಈ ಹುಡುಗರಿಗೆ.
ಐದು ಬ್ಯಾಂಡು, ಒಂದೇ ರಾತ್ರಿ, ನೂರೈವತ್ತು ರೂಪಾಯಿ.
ಪೋಸ್ಟರು ತೆಗೆದದ್ದು ಮುಳಬಾಗಿಲಲ್ಲಿ, ನನ್ನ ಅಂಗಡಿಯಲ್ಲಿ,
ಪಹಣಿ, ಆಧಾರು, ಆದಾಯ ಪ್ರಮಾಣಪತ್ರಗಳ ನಡುವೆ
ಗುಲಾಬಿ ಕಾಗದದ ಮೇಲೆ ಇನ್ನೂರು ಪ್ರತಿ.
ಪಾಪ್ ಪಂಕ್ ಅಂತಿತ್ತು.
ಪಂಕ ಅಂದ್ರೆ ಕೆಸರಲ್ಲವೇನ್ರೋ, ಅಂದೆ.
ಔದಕ್ಕಾ, ಅದೇ, ಅಂದ ಅಫ್ರೋಜ್.
ದುಡ್ಡು ಆಮೇಲೆ ಅಂದರು.
ಆಮೇಲೆ ಅಂದರೆ ಒಂದು ಪಾಸು.

ವೇದಿಕೆಯ ಹಿಂದೆ ಹೋದ ತಿಂಗಳ ಮದುವೆಯ
ಥರ್ಮಾಕೋಲ್ ಅಕ್ಷರ ಇನ್ನೂ ಅಂಟಿಕೊಂಡಿತ್ತು,
ಹುಡುಗನ ಹೆಸರು ಪೂರ್ತಿ, ಹುಡುಗಿಯದರಲ್ಲಿ ಒಂದು ಕೊಂಬು ಬಿದ್ದಿದೆ.
ವಧೂವರರ ಕೆಂಪು ಕುರ್ಚಿಗಳಲ್ಲಿ ಎರಡು ಆಂಪ್ಲಿಫೈಯರು
ಪಕ್ಕಪಕ್ಕ ಕೂತು ಗುಂಯ್ ಅನ್ನುತ್ತಿದ್ದವು.

ಮೊದಲು ‘ಮೂರನೇ ಬೆಂಚು’.
ನೋಡಲು ಹದಿನಾಲ್ಕು ಜನ,
ನಾನು ಮತ್ತು ವಾಚ್‌ಮನ್ ಸೇರಿ.
ಹಾಡುವವ ನಾಚಿ ಗೋಡೆಗೆ ಮುಖ ಮಾಡಿಯೇ ಹಾಡಿದ.
ಮೂರು ಹಾಡು. ಮೂರೂ ಒಂದೇ ಇರಬೇಕು.
ಆದರೂ ಚಪ್ಪಾಳೆ ಹೊಡೆದೆ, ಜೋರಾಗಿ,
ಬೋಣಿಯ ಕಷ್ಟ ಅಂಗಡಿಯವರಿಗೆ ಗೊತ್ತು.

ಆಮೇಲೆ ‘ಸಪ್ಲಿಮೆಂಟರಿ’.
ಚೌಡೇಶ್ವರಿ ಬಂದಳು, ಕಾಲಿಗೆ ಸ್ಕೂಲಿನ ಬಿಳಿ ಶೂ.
ಅಫ್ರೋಜನ ಡ್ರಮ್ಮು ಅವರಪ್ಪನ ಬ್ಯಾಂಡ್‌ಸೆಟ್ಟಿನದು,
ಮೆರವಣಿಗೆಯ ಜರಿ ಕುಚ್ಚು ಇನ್ನೂ ನೇತಾಡುತ್ತಿತ್ತು.
ಕಡ್ಡಿ ಕಡ್ಡಿಗೆ ತಾಗಿಸಿ ನಾಲ್ಕು ಎಣಿಸಿದ.
ಅಷ್ಟೇ.
ಎದೆಯೊಳಗೆ ಯಾರೋ ಶಟರ್ ಎತ್ತಿದ ಹಾಗೆ.

ಮೂವತ್ತೈದಕ್ಕೆ ಮೂವತ್ನಾಲ್ಕು!
ಅಂತ ಅವಳು ಕಿರುಚಿದರೆ
ಒಂದು ಮಾರ್ಕು ಯಾರಪ್ಪಂದು!
ಅಂತ ಇಡೀ ಛತ್ರ.
ಎಲ್ಲಿದ್ದರೋ ಇಷ್ಟು ಜನ, ಎಲ್ಲ ಒಮ್ಮೆಗೇ ಒಳಗೆ,
ನರಸಾಪುರದ ಶಿಫ್ಟ್ ಮುಗಿಸಿ ಬಂದ ಹುಡುಗಿಯರು
ಕೊರಳಲ್ಲಿ ಕಂಪನಿಯ ಐಡಿ ಕಾರ್ಡಿನ ಸಮೇತ ಹಾರುತ್ತಿದ್ದರು.
ಮರುಎಣಿಕೆಯ ಅರ್ಜಿ ಎಷ್ಟು ಸಾವಿರ ಪ್ರತಿ ತೆಗೆದಿದ್ದೇನೆ ನಾನು,
ಬಿಸಿಬಿಸಿ ಕಾಗದ ಕೈಗಿಡುವಾಗ ಯಾರ ಮುಖವನ್ನೂ ನೋಡದೆ.
ನನ್ನದೂ ಒಂದಿತ್ತು. ತೊಂಬತ್ತೆಂಟು, ಗಣಿತ, ಮೂವತ್ತೊಂದು.
ಅರ್ಜಿಗೆ ಫೀಸು ಬೇಕಿತ್ತು, ಮನೆಯಲ್ಲಿ ಕೇಳಲಿಲ್ಲ.
ನಾಲ್ಕು ಮಾರ್ಕು ಯಾರಪ್ಪಂದು, ಅಂದೆ.
ಲೆಕ್ಕ ತಪ್ಪಿದ್ದು ಯಾರಿಗೂ ಕೇಳಿಸಲಿಲ್ಲ.
ಯಾರದೋ ಮೊಣಕೈ ಪಕ್ಕೆಗೆ ಬಡಿಯಿತು,
ಸಾರಿ ಆಂಟಿ, ಅಂದ, ಅಂದು ಮತ್ತೆ ಬಡಿದ.
ಸೀರೆಯ ನೆರಿಗೆ ಮುಷ್ಟಿಯಲ್ಲಿ ಹಿಡಿದು
ನಾನೂ ಹಾರಿದೆ. ಸ್ವಲ್ಪ.
ಆಮೇಲೆ ಸ್ವಲ್ಪ ಅಲ್ಲ.

ಮೂರನೆಯವರ ವೈರು ಕೈಕೊಟ್ಟಿತು,
ಇಪ್ಪತ್ತೈದು ನಿಮಿಷ ಚೆಕ್ ಚೆಕ್ ಚೆಕ್.
ಕೆಜಿಎಫ್‌ನ ನಾಲ್ಕನೆಯವರು ನುರಿತವರಂತೆ, ತಮಿಳಿನಲ್ಲಿ ಹಾಡಿದರಂತೆ,
ನಾನು ಹೊರಗೆ ಬೋಂಡಾ ತಿನ್ನುತ್ತಾ
ಒಂದು ಚಪ್ಪಲಿ ಹುಡುಕುತ್ತಿದ್ದೆ.
ಚೌಡೇಶ್ವರಿ ಮೆಟ್ಟಿಲ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದಳು,
ದನಿ ಪೂರ್ತಿ ಹೋಗಿತ್ತು.
ಜೆರಾಕ್ಸ್ ಅಕ್ಕಾ, ಹೆಂಗಿತ್ತು? ತುಟಿಯಲ್ಲೇ ಕೇಳಿದಳು.
ಪೋಸ್ಟರ್ ದುಡ್ಡು ಬೇಡ ಅಂದೆ.
ಬೇರೇನೋ ಹೇಳಬೇಕೆಂದಿದ್ದೆ.

ಐದನೆಯವರು ದೊಡ್ಡವರು, ಬೆಂಗಳೂರಿನವರು,
ಅವರಿಗಾಗಿಯೇ ಪೋಸ್ಟರಿನಲ್ಲಿ ದಪ್ಪ ಅಕ್ಷರ.
ದೀಪ ಆರಿತು, ಹುಡುಗರು ಹೋ ಅಂದರು,
ಅದೇ ಹೊತ್ತಿಗೆ ರಸ್ತೆಯಲ್ಲಿ ಕೊನೇ ಬಸ್ಸಿನ ಬೆಳಕು.
ಗೇಟಿನಲ್ಲಿ ಕೈ ಅಡ್ಡ ಹಾಕಿದೆ,
ಬಲಗಾಲು ಬರಿಗಾಲು.

ಕಿಟಕಿಯಿಂದ ಅವರ ಮೊದಲ ಹಾಡು
ಎರಡು ಸಾಲಿನಷ್ಟು ಸಿಕ್ಕಿತು,
ಮೂರನೇದು ಗೇರಿನ ಸದ್ದಿಗೆ ಹೋಯಿತು.
ಏನಮ್ಮಾ ಅದು ಗಲಾಟೆ? ಕಂಡಕ್ಟರು ಕೇಳಿದ.
ಮದುವೆ, ಅಂದೆ.
ಆಷಾಢದಲ್ಲಾ?
ನನ್ನ ಕಾಲು ನೋಡಿ, ಸುಮ್ಮನೆ ಟಿಕೆಟು ಹರಿದ.
ಕಿವಿಯೊಳಗೆ ಬಾರೀಕು ಸೀಟಿಯೊಂದು ಊದುತ್ತಲೇ ಇತ್ತು
ಮುಳಬಾಗಿಲು ದಾಟಿ,
ಬೆಳಿಗ್ಗೆ ಮಿಷನ್ನು ಬೆಚ್ಚಗಾಗುವವರೆಗೂ.