ಇನ್‌ಕಾಗ್ನಿತೊ

ಫೋಂಡೆಯ ನೋಂದಣಿ ಕಚೇರಿಯಲ್ಲಿ ಹನ್ನೊಂದೂವರೆಗೆ
ನನ್ನ ಸರದಿ ಬಂತು.
ಮುಂದಿದ್ದವರಿಗೆಲ್ಲ ಲಿಸ್ಬನ್ನಿನ ಪಾಸ್‌ಪೋರ್ಟಿಗೆ ಒಬ್ಬ ಅಜ್ಜ ಬೇಕು,
ಅಜ್ಜ ಹುಟ್ಟಿದ ತಾರೀಖು ಬೇಕು, ಮೇಲೆ ಮೊಹರು ಬೇಕು.
ನನಗೆ ಅಜ್ಜಿ ಸಾಕು.
ಶೆವಂತಿ. ಸಾವಿರದ ಒಂಬೈನೂರ ಹದಿನಾರು.
‘ಹೊಳೆ ಉಕ್ಕಿದ ದಿನ ಹುಟ್ಟಿದ್ದು’ ಅನ್ನುತ್ತಿದ್ದಳು,
ಮತ್ತೇನೂ ಅನ್ನುತ್ತಿರಲಿಲ್ಲ.

ಗುಮಾಸ್ತ ಎವರಿಸ್ತು ಪುಸ್ತಕ ತಂದು ಇಳಿಸಿದ,
ಕೂಸನ್ನು ಇಳಿಸಿದ ಹಾಗೆ, ಎರಡೂ ಕೈಯಲ್ಲಿ.
ಅಂಚು ಗೆದ್ದಲಿಗೆ. ಒಳಗೆಲ್ಲ ಪೋರ್ತುಗೀಸು.

ಕಾರವಾರದ ಅಂಚೆ ಕಚೇರಿಯಲ್ಲಿ ಮೂವತ್ತೊಂದು ವರ್ಷ
ಪರರ ಕೈಬರಹ ಓದಿದವಳು ನಾನು.
ನೆನೆದ ಊರು, ಅಳಿಸಿದ ಓಣಿ,
ಬರೀ ‘ಮಾವನ ಮನೆ, ಸದಾಶಿವಗಡ’ ಅಂತ ಬಂದ ಕಾರ್ಡನ್ನೂ
ಮುಟ್ಟಿಸಿದ್ದೇನೆ.
ಭಾಷೆ ಬರದಿದ್ದರೇನು, ಕಾಲಂ ಕಾಲಮ್ಮೇ.
ಕೂಸು. ತಾಯಿ. ತಂದೆ.

ತಂದೆಯ ಜಾಗದಲ್ಲಿ: ಇನ್‌ಕಾಗ್ನಿತೊ.
ಪುಟ ತಿರುವಿದೆ. ಕುಂದೆಯ ಮಗನಿಗೂ ತಂದೆ ಇನ್‌ಕಾಗ್ನಿತೊ.
ಗುಲಾಬಿಯ ಅವಳಿಗಳಿಗೂ.
‘ಯಾರಪ್ಪ ಈ ಪುಣ್ಯಾತ್ಮ? ದೇವಸ್ಥಾನದ ಕೇರಿಗೆಲ್ಲ
ಇವನೊಬ್ಬನೇ ಅಳಿಯನೇ?’ ಎಂದೆ.
ಎವರಿಸ್ತು ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ.
‘ಅದು ಹೆಸರಲ್ಲ ಬಾಯೆ.
ಗೊತ್ತಿಲ್ಲ, ಅಂತ.’

ನಾವೂ ಹೊಡೆಯುತ್ತಿದ್ದೆವು ಅಂಥ ಮೊಹರು.
ವಿಳಾಸದಾರ ಪತ್ತೆಯಿಲ್ಲ. ಕಳಿಸಿದವರಿಗೆ ವಾಪಸು.
ಇಲ್ಲಿ ಯಾರಿಗೆ ವಾಪಸು?

ಶೆವಂತಿ ಭಾಮಿಯ ಮಗಳು. ಭಾಮಿ ಸೊಕ್ರಿಯ ಮಗಳು.
ಕೊಕ್ಕೆಗೆ ಕೊಕ್ಕೆ ಸಿಕ್ಕಿಸಿ ಬಂದ ಹೆಂಗಸರು.
ಉದ್ಯೋಗ ಇಬ್ಬರದೂ ಒಂದೇ, ದೇವರ ಸೇವೆ.
ಸೊಕ್ರಿಯ ಆಚೆ ಯಾರೋ ಶಾಯಿ ಚೆಲ್ಲಿದ್ದಾರೆ.

ಮುಚ್ಚುವುದರಲ್ಲಿದ್ದೆ.
ಪುಟದ ಅಡಿಯಲ್ಲಿ, ಹುಟ್ಟಿದ ಸುದ್ದಿ ತಂದವನ ರುಜು.
ಎವರಿಸ್ತು ಅದನ್ನು ಇಪ್ಪತ್ತು ವರ್ಷ
ಬಳ್ಳಿ ಚಿತ್ತಾರ ಅಂತಲೇ ತಿಳಿದಿದ್ದನಂತೆ.
ನನಗೆ ಓದಲು ಬಂತು.
ಹ. ಳ. ದೀ. ದೀರ್ಘ ಜಾರಿ ಮುಂದಿನ ಸಾಲಿಗೆ ತಾಗಿದೆ.
ಹಳದೀಪುರ ದುಗ್ಗಪ್ಪ.
ಕೆಳಗೆ ಚಿಕ್ಕದಾಗಿ: ಪಖವಾಜು.
ಅಷ್ಟು ದಪ್ಪ ಪುಸ್ತಕದಲ್ಲಿ ಅಷ್ಟೇ ಅಷ್ಟು ಕನ್ನಡ.

ಶೆವಂತಿಯ ಪುಟದಲ್ಲಿ. ಮೂರು ವರ್ಷಕ್ಕೆ ಅವಳ ತಮ್ಮನ ಪುಟದಲ್ಲಿ.
ಮತ್ತೆ ಇಪ್ಪತ್ತಮೂರರಲ್ಲಿ, ಹೆಸರಿಡುವ ಮೊದಲೇ ಹೋದ ಕೂಸಿನದರಲ್ಲಿ;
ಅಲ್ಲಿ ಲೇಖಣಿ ಮೂರು ಕಡೆ ನಿಂತಿದೆ.
ಬೇರೆ ಯಾರ ಪುಟದಲ್ಲೂ ಅವನಿಲ್ಲ. ಹುಡುಕಿದೆ.
ಗುಲಾಬಿಯದರಲ್ಲಿ ಸೂಲಗಿತ್ತಿಯ ಹೆಬ್ಬೆಟ್ಟು,
ಕುಂದೆಯದರಲ್ಲಿ ಹೂವಿನವನದು.

ಗೊತ್ತಿಲ್ಲ ಅಂತ ಬರೆಸಲು
ಅಷ್ಟು ದೂರ ನಡೆದು ಬಂದವನಿಗೆ ಏನು ಗೊತ್ತಿತ್ತೋ.
ಹೇಳಲು ಬಿಡಲಿಲ್ಲವೋ, ಭಾಮಿಯೇ ಬೇಡ ಅಂದಳೋ,
ಇಲ್ಲ, ರುಜು ಹಾಕಬಲ್ಲ ನೆರೆಯವನೋ, ಬರೀ ಅಷ್ಟೇಯೋ.

ಅಜ್ಜಿ ಚಪಾತಿಗೆ ಕಲಸುವಾಗ
ಒಂದು ಉಂಡೆ ಹಿಟ್ಟನ್ನು ಡಬ್ಬದ ಮುಚ್ಚಳಕ್ಕೆ ಮೆತ್ತಿ
ಬಡಿದು ನೋಡುತ್ತಿದ್ದಳು. ಕಿವಿ ಹತ್ತಿರ ಒಯ್ದು, ಮತ್ತೆ ಬಡಿದು.
ನಾವು ನಕ್ಕರೆ ಕಿತ್ತು ಪರಾತಕ್ಕೆ ಎಸೆಯುತ್ತಿದ್ದಳು.
ಪುರಾವೆ ಅಲ್ಲ ಅದು.
ಯಾವ ಕಚೇರಿಯೂ ಒಪ್ಪುವುದಿಲ್ಲ, ನಾನು ಕೂತಿದ್ದ ಕಚೇರಿಯೂ.

ಹಿಂದೆ ನಿಂತ ಹುಡುಗ ಕೇಳಿದ, ‘ಸಿಕ್ಕಿದರಾ ಆಂಟಿ?’
‘ಹೆಂಗಸರು ಸಿಕ್ಕಿದರು’ ಅಂದೆ.
ಅವನಿಗೆ ತನ್ನ ಅಜ್ಜನ ಚಿಂತೆ.

ನಕಲಿಗೆ ಐವತ್ತು ರೂಪಾಯಿ.
ಮುಕ್ತಾ ರ. ನಾಯ್ಕ ಅಂತ ಹೇಳಿದ್ದೆ,
ರ ಅಂದರೆ ರತ್ನಾ, ನನ್ನ ತಾಯಿ.
ರಸೀದಿಯಲ್ಲಿ ಮುಕ್ತಾರ್ ನಾಯ್ಕ ಆಗಿದೆ.

ತಿದ್ದಿಸಲು ಹೋಗಲಿಲ್ಲ.
ಬಸ್ಸಿಗೆ ಹೊತ್ತಾಗಿತ್ತು.
ಮುಂದೆ ಹುಡುಕುವವರಿಗೂ
ಸ್ವಲ್ಪ ಕೆಲಸ ಇರಲಿ.