ಹತ್ತದ ಬೆಂಕಿಗೆ ರಸೀದಿ

ನಾಲ್ಕು ಲಕ್ಷದ ಎಂಬತ್ತು ಸಾವಿರ ಬಂತು,
ಮಾಘ ಮುಗಿಯುವ ಮೊದಲೇ ಬಂತು. ಅದೇ ಆಶ್ಚರ್ಯ.
ಜೋಗಿಮಟ್ಟಿಯ ಬೆನ್ನಿನ ಈ ಹಟ್ಟಿಗೆ
ಯಾವಾಗಲೂ ಬೆಂಕಿ ಮೊದಲು, ಹಣ ಆಮೇಲೆ.

ಪಂಚಾಯಿತಿ ಕಂಪ್ಯೂಟರಿನ ಮುಂದೆ ಕೂರುವವನು ನಾನು,
ಅರ್ಜಿ ತುಂಬಿದವನೂ ನಾನೇ.
ಅಪಾಯದಂಚಿನ ಮನೆ ಎಷ್ಟು? ಅರವತ್ತೊಂದು.
ಹುಲ್ಲಿನ ಮಾಡು ಎಷ್ಟು? ಹದಿನೇಳು.
ಕಾಡಿಗೂ ಹಟ್ಟಿಗೂ ಎಷ್ಟು ದೂರ?
ಚಿತ್ತಮ್ಮ ನಕ್ಕಳು:
"ಒಂದು ಮೇಕೆ ಒಂದು ಬಾಯಿ ಮೇಯುವಷ್ಟು."
ನಾನು ನಲವತ್ತು ಮೀಟರ್ ಎಂದು ಬರೆದೆ.

ಟ್ರ್ಯಾಕ್ಸಿನಿಂದ ಸಾಮಾನು ಇಳಿಯಿತು:
ಎಲೆ ಊದುವ ಯಂತ್ರ ಎರಡು,
ಬೆನ್ನಿಗೆ ಕಟ್ಟುವ ನೀರಿನ ಚೀಲ ಆರು, ಸೈರನ್ ಒಂದು,
ಬೂಟು ಹದಿನೆಂಟು ಜೊತೆ, ಎಲ್ಲವೂ ಒಂಬತ್ತನೇ ನಂಬರು.
ಬೆಂಕಿ ಕಾವಲಿಗೆ ಹೆಸರು ಕೊಟ್ಟವರಲ್ಲಿ ಹನ್ನೊಂದು ಹೆಂಗಸರು.
ಬೋರಕ್ಕ ಹಳೇ ಸೀರೆ ಹರಿದು ಬೂಟಿನ ಮೂತಿಗೆ ತುರುಕಿ
ನಾಲ್ಕು ಹೆಜ್ಜೆ ನಡೆದು ನೋಡಿದಳು:
"ಯಾರದೋ ಗಂಡನ ಕಾಲಲ್ಲಿ ನಡೆದಂಗೈತೆ."

ಸೈರನ್ ಪರೀಕ್ಷೆಯ ದಿನ ಮೇಕೆಗಳು ಚೆಲ್ಲಾಪಿಲ್ಲಿ.
ಎರಡು ದಿನ ಹುಡುಕಿದೆವು. ಅದು ವರದಿಯಲ್ಲಿಲ್ಲ.

ಗಾರ್ಡ್ ದಾದಾಪೀರ್ ನಕಾಶೆ ಬಿಡಿಸಿದ.
ಬೆಂಕಿ ರೇಖೆ ಗುಡ್ಡದ ನೆತ್ತಿಯಿಂದ ನೇರ ಇಳಿದಿತ್ತು, ಕೆಂಪಗೆ.
ಓದಲು ಬಾರದ ಬೆರಳನ್ನು ಚಿತ್ತಮ್ಮ ಅದರ ಮೇಲಿಟ್ಟಳು:
"ಇಲ್ಲಿ ಗಾಳಿ ಹೊರಳ್ತೈತೆ, ಸ್ವಾಮಿ.
ಆ ಫ್ಯಾನುಗಳು ಎತ್ತ ತಿರುಗಿದರೂ
ಈ ಕೊರಕಲಿನ ಹೊಗೆ ಹಟ್ಟಿ ಕಡೆಗೇ ನುಗ್ಗೋದು.
ನನ್ನ ಮದುವೆ ವರ್ಷ ಹಿಂಗೇ ಬಂದು
ಮೂವತ್ತು ಕುರಿಮರಿ ನುಂಗ್ತು."
ದಾದಾಪೀರ್ ಬಹಳ ಹೊತ್ತು ಸುಮ್ಮನಿದ್ದ.
ಆಮೇಲೆ ಪೆನ್ಸಿಲ್ ಕೇಳಿದ.

ಇಬ್ಬನಿ ಆರದ ಬೆಳಗುಗಳಲ್ಲಿ
ಕರಡದ ಹುಲ್ಲು ಕೊಯ್ದು, ಬಂದರಿ ಕಡಿದು,
ಬೆಂಕಿಯನ್ನು ನಾವೇ ಕರೆದು
ಹಗ್ಗ ಕಟ್ಟಿದ ಕರುವಿನಂತೆ ನಡೆಸಿಕೊಂಡು ಹೋದೆವು,
ಹಸಿ ಸೊಪ್ಪಿನ ಬರಲಿನಿಂದ ಬಡಿದು ಮಲಗಿಸಿದೆವು.
ಕೊನೆಗೆ ಗುಡ್ಡದ ತಲೆಗೆ ಕಪ್ಪು ಬೈತಲೆ,
ತುಸು ಸೊಟ್ಟ,
ಶಾಲೆಗೆ ಹೊತ್ತಾದಾಗ ತಾಯಿ ತೆಗೆದ ಹಾಗೆ.

ಜಗಳವಾದದ್ದು ಬೇಲಿಗೆ.
ಮನೆಯಿಂದ ಮೂವತ್ತಡಿ ಒಣಗಿದ್ದೇನೂ ಇರಕೂಡದು, ಇದು ನಿಯಮ.
ಹಟ್ಟಿ ಸುತ್ತ ಕಾರೆ ಮುಳ್ಳು, ಅಜ್ಜಂದಿರ ಕಾಲದ್ದು:
ಚಿರತೆಗೆ ಮುಚ್ಚಿದ ಬಾಗಿಲು,
ಕಿಡಿಗೆ ಹಾಸಿಟ್ಟ ಹಾಸಿಗೆ.
ಕ್ಯಾತಣ್ಣ ಮೂರು ರಾತ್ರಿ ಒಪ್ಪಲಿಲ್ಲ.
ನಾಲ್ಕನೇ ದಿನ ತಾನೇ ಕೊಡಲಿ ತಂದು
ಕೊರಕಲಿನ ಮಗ್ಗುಲು ಮಾತ್ರ ಕಿತ್ತು, ಕಲ್ಲು ಪೇರಿಸಿದ.
ಉಳಿದದ್ದು ಹಾಗೇ ಇದೆ. "ಭಾಗಶಃ" ಎಂದು ಬರೆದೆ.

ಫಾಲ್ಗುಣದ ಒಂದು ರಾತ್ರಿ ಗುಡ್ಡದಾಚೆ ಕೆಂಪಾಯಿತು.
ಬೂಟು ಕಟ್ಟಿ ನಿಂತೆವು, ನೀರು ಹೊತ್ತು ನಿಂತೆವು.
ಬೋರಕ್ಕನ ಕೈ ಸೈರನ್ನಿನ ಗುಂಡಿಯ ಮೇಲೆ.
ಕೋಳಿ ಕೂಗುವ ಹೊತ್ತಿಗೆ ಕೆಂಪು ಇರಲಿಲ್ಲ.
ನಮ್ಮ ಗೆರೆಗೆ ಬಂದು ನಿಂತಿತೋ,
ತಾನೇ ಸೋತಿತೋ,
ಯಾರೂ ಕಂಡಿಲ್ಲ.

ಜೂನಿನಲ್ಲಿ ಆಡಿಟ್.
ಬರಲಿಗೆ ಕೊಟ್ಟ ಆರುನೂರ ನಲವತ್ತಕ್ಕೆ ರಸೀದಿ ಇಲ್ಲವೆಂದು
ಕೆಂಪು ಶಾಯಿಯ ಸುತ್ತು.
"ಇಷ್ಟು ಖರ್ಚಿಗೆ ಪ್ರಯೋಜನ ಏನಾಯ್ತು? ಫೋಟೋ ಹಾಕಿ."
ಯಾವುದರ ಫೋಟೋ, ಸಾರ್?
ಬರದ ಬೆಂಕಿ ಯಾವ ಕಡೆಯಿಂದ ಚೆನ್ನಾಗಿ ಕಾಣುತ್ತೆ?

ಮೊಬೈಲು ಹಿಡಿದು ಅಲೆದೆ.
ಹುಲ್ಲಿನ ಮಾಡು, ಹುಲ್ಲಿನ ಮಾಡು, ಒದ್ದೆ ಮೇಕೆ.
ಹಟ್ಟಿಯೊಳಗೆ ಕೋಳಿ ಸಲ್ಲದು;
ಹೊರಗೆ ದಾದಾಪೀರನ ಶೆಡ್ಡಿನಲ್ಲಿ ಮಾತ್ರ
ಸೈರನ್ ಬಂದಿದ್ದ ರಟ್ಟಿನ ಪೆಟ್ಟಿಗೆಯಲ್ಲಿ,
ಬೂಟಿನಿಂದ ತೆಗೆದ ಸೀರೆ ಚಿಂದಿಯ ಮೇಲೆ
ಒಂದು ಹೇಂಟೆ ಕೂತಿತ್ತು, ಅಲುಗದೆ,
ನನ್ನನ್ನೇ ದುರುಗುಟ್ಟಿ.

ಅದನ್ನೇ ಕಳಿಸಿದೆ.
ವಿವರಣೆಯ ಜಾಗದಲ್ಲಿ ಒಂದೇ ಪದ ಬರೆದೆ:
ಕಾವು.