ಕೀಲು

ನಾಲ್ಕು ದಿನ ತೂಗಿಬಿಟ್ಟಿದ್ದೆ ಗ್ಯಾರೇಜಿನ ತೊಲೆಗೆ,
ಹಿಮ್ಮಡಿಯ ನರಕ್ಕೆ ಕೋಲು ತೂರಿಸಿ, ತಲೆಕೆಳಗಾಗಿ.
ಸುಪೀರಿಯರ್ ಸರೋವರದ ಗಾಳಿ, ನವೆಂಬರಿನ ಬಿಟ್ಟಿ ಫ್ರಿಜ್ಜು.
ಕಾರು ಹೊರಗೆ ಹಿಮದಡಿ ಮಲಗಿತ್ತು,
ಬಂದವರಿಗೆ ಒಳಗಿನ ಜಾಗ.

ಪೇಟೆಯ ಅಂಗಡಿಗೆ ಕೊಟ್ಟುಬಿಡು ಎಂದ ನನ್ನ ತಮ್ಮ ರೈನೊ:
ನೂರೈವತ್ತು ಡಾಲರು, ಕೊಯ್ದು ಪೊಟ್ಟಣ ಕಟ್ಟಿ ಕೊಡುತ್ತಾರೆ.
ಕೊಡುತ್ತಾರೆ, ಸರಿ. ಯಾರ ಜಿಂಕೆಯನ್ನು?
ಇಪ್ಪತ್ತು ಜನರ ಬೇಟೆಗೆ ಅಲ್ಲಿ ಒಂದೇ ಯಂತ್ರದ ಬಾಯಿ.
ಕೊಂದವಳು ನಾನು, ಬಿಚ್ಚುವವಳೂ ನಾನೇ
ಎಂದುಬಿಟ್ಟೆ. ಅಂದಷ್ಟು ಸುಲಭವಲ್ಲ.
ಇಪ್ಪತ್ತಾರು ವರ್ಷ ಈ ಮೇಜಿನ ಆ ಬದಿಗೆ
ಆರ್ವಿಡ್ ನಿಲ್ಲುತ್ತಿದ್ದ, ನನ್ನದು ಈ ಬದಿ:
ಕಾಗದ ಹರಿ, ಸುತ್ತು, ಟೇಪು ಅಂಟಿಸು,
ಕಪ್ಪು ಪೆನ್ನಿನಲ್ಲಿ ಬರೆ, ತೊಡೆ, ಬೆನ್ನು, ವರ್ಷ.

ಚಾಕು ಅವನದೇ.
ಅರ್ಧ ಅಲಗನ್ನು ಸಾಣೆಕಲ್ಲು ತಿಂದಿದೆ.

ಹಿಂಗಾಲ ಸುತ್ತ ಉಂಗುರ ಗೀರಿ
ಒಳತೊಡೆಗುಂಟ ಒಂದು ಸೀಳು. ಆಮೇಲೆ ಚಾಕಿಗೆ ರಜೆ,
ಮುಷ್ಟಿಯದೇ ಕೆಲಸ. ತೊಗಲಿಗೂ ನೆಣಕ್ಕೂ ನಡುವೆ
ಬಿಳಿಯ ಪೊರೆ ಚರಚರ ಬಿಟ್ಟುಕೊಟ್ಟಿತು.
ನೆನೆದ ಸ್ವೆಟರನ್ನು ಮಗುವಿನ ತಲೆಯಿಂದ ಎಳೆವ ಹಾಗೆ
ಎಳೆದೆ, ಎಳೆದೆ, ಕುತ್ತಿಗೆಯವರೆಗೆ.
ಬೆವೆತು, ನನ್ನ ಕಿತ್ತಳೆ ಜಾಕೆಟ್ಟನ್ನೂ ಕಳಚಿದೆ.

ತೊಗಲಿಲ್ಲದ ಜಿಂಕೆ ಎಷ್ಟು ಚಿಕ್ಕದು!
ಸೀಡರ್ ಮರಗಳ ನಡುವೆ ನಿಂತಾಗ ಕಾಡಿನಷ್ಟಿತ್ತು.

ಬೆನ್ನಿನ ಎರಡು ಪಟ್ಟಿ ಮೊದಲು.
ಎಲುಬಿಗೆ ಅಲಗನ್ನು ಒತ್ತಿ ಒತ್ತಿ, ಬೆರಳು ಮುಂದೆ, ಚಾಕು ಹಿಂದೆ,
ಮೊಳದುದ್ದದ ತಣ್ಣನೆಯ ಕೆಂಪು.
ಅಂಟಿದ ಕೂದಲನ್ನು ಒಂದೊಂದಾಗಿ ಆರಿಸಿದೆ,
ಬ್ಲೂಬೆರಿಯಲ್ಲಿ ಎಲೆ ಆರಿಸುವ ತಾಳ್ಮೆಯಲ್ಲಿ.

ತೊಡೆಯಲ್ಲಿ ಸಿಕ್ಕಿಬಿದ್ದೆ.
ಚಾಕು ಮೂಳೆಗೆ ಬಡಿದು ಕಿರ್ರೆಂದಿತು.
ಗರಗಸ ತರಲೇ ಎಂದ ರೈನೊ, ಕಾಫಿ ಹಿಡಿದು, ಬಾಗಿಲಲ್ಲೇ.
'ಮೂಳೆಯ ಜೊತೆ ಜಗಳ ಬೇಡ, ಕೀಲನ್ನು ಕೇಳು.'
ಎಲ್ಲಕ್ಕೂ ಅದೊಂದೇ ಮಾತು ಆರ್ವಿಡ್‌ನದು:
ಜಿಂಕೆಗೂ, ಕೆಟ್ಟುನಿಂತ ದೋಣಿಯ ಎಂಜಿನ್ನಿಗೂ,
ರೈನೊನ ವಿಚ್ಛೇದನಕ್ಕೂ.
ಕಾಲು ಹಿಡಿದು ಮೆಲ್ಲಗೆ ಆಡಿಸಿದೆ, ಹಿಂದೆ, ಮುಂದೆ,
ಎಲ್ಲಿ ತಿರುಗಿತೋ ಅಲ್ಲಿ ತುದಿ ಇಟ್ಟೆ.
ಟಕ್.
ಬಿಳಿಯ ಗೋಲಿಯೊಂದು ಹೊಳೆಯುತ್ತ ಹೊರಬಂತು
ಯಾರೂ ಆಡಿರದ ನುಣುಪಿನಲ್ಲಿ,
ಇಡೀ ಕಾಲು ನನ್ನ ತೋಳಿಗೆ ಬಿತ್ತು, ಭಾರ.

ಪಕ್ಕೆಲುಬೊಂದು ಹಿಂದೆಂದೋ ಮುರಿದು
ತಾನೇ ಕೂಡಿಕೊಂಡಿತ್ತು, ಗಂಟುಗಂಟಾಗಿ.
ಕಾರು ಬಡಿದಿರಬೇಕು ಎಂದ ರೈನೊ.

ಎಡ ಹೆಗಲು ಕೊನೆಗೆ. ಬೇಕೆಂದೇ ಕೊನೆಗೆ.
ಅಲ್ಲಿ ಮಾಂಸ ಮಾಂಸವಲ್ಲ, ಕಪ್ಪು ಲೋಳೆ,
ಮೂಳೆಯ ಚೂರು. ನಾಲ್ಕು ಬೆರಳು ಮುಂದಕ್ಕೆ ಹೊಡೆದಿದ್ದೆ.
ಅರವತ್ತು ಹೆಜ್ಜೆ ಓಡಿತ್ತು. ನಾನು ತಲುಪಿದಾಗ
ಇನ್ನೂ ನೋಡುತ್ತಿತ್ತು.
ಒಂದೇ ಏಟಿಗೆ ಬಿತ್ತು ಎಂದಿದ್ದೆ ಎಲ್ಲರಿಗೂ.
ಅಂಗಡಿಗೆ ಕೊಟ್ಟಿದ್ದರೆ ಈ ಕಪ್ಪನ್ನು
ಯಾವನೋ ಕೊರೆದು ಬಕೆಟ್ಟಿಗೆ ಎಸೆಯುತ್ತಿದ್ದ,
ನನ್ನ ಮಾತು ನಿಜವಾಗಿಯೇ ಉಳಿಯುತ್ತಿತ್ತು.

ಹತ್ತು ಊಟ ಬಕೆಟ್ಟಿಗೆ ಹೋಯಿತು.
ರೈನೊ ನೋಡಿದ. ಏನೂ ಕೇಳಲಿಲ್ಲ.
ಲೋಟ ಇಟ್ಟು, ಕೈ ತೊಳೆದು, ಈ ಬದಿಗೆ ಬಂದು ನಿಂತು
ಕಾಗದವನ್ನು ಸೊಟ್ಟಗೆ ಹರಿದ.
ಎಲ್ಲ ಪೊಟ್ಟಣದ ಮೇಲೂ ಒಂದೇ ಪದ ಬರೆದ: ಜಿಂಕೆ.
ಬರೆದುಕೊಳ್ಳಲಿ ಎಂದು ಬಿಟ್ಟೆ.

ನೆಣವನ್ನು ಬರ್ಚ್ ಮರಕ್ಕೆ ಕಟ್ಟಿದೆವು, ಹಕ್ಕಿಗಳಿಗೆ.
ಸೌನಾಕ್ಕೆ ಬೆಂಕಿ ಹಾಕಿದ ಮೇಲೂ ಉಗುರ ಸಂದಿಯಲ್ಲಿ
ಕಬ್ಬಿಣದ ವಾಸನೆ.

ಫ್ರೀಜರಿನ ತಳದಲ್ಲಿ ಹೋದ ವರ್ಷದ್ದು ಒಂದು ಉಳಿದಿತ್ತು:
ಕೊಯ್ದವನು ಅವನು, ಬರೆದವಳು ನಾನು.
ಅದರ ಮೇಲೆ ಹೊಸದನ್ನೆಲ್ಲ ಜೋಡಿಸಿದೆ.
ಮುಚ್ಚಳ ಕೂರಲಿಲ್ಲ.
ಒಂದು ಪೊಟ್ಟಣ ಈ ರಾತ್ರಿ ಹೊರಗೆ ಬರಲೇಬೇಕು.